ಮೊದಲ ಆರು ಅಕ್ಷರ

ಬಸ್ಸಿನ ಕಂಬಿಗೆ ಜೋತುಬಿದ್ದಿದ್ದ ಬದರೀನಾಥನ ತಲೆಯಲ್ಲಿ ಆ ಬೆಳಿಗ್ಗೆ ಏನೂ ಇರಲಿಲ್ಲ. ತಲೆಯಲ್ಲಿ ಏನೂ ಇಲ್ಲದ ಹಾಗೆ ಇರುವುದನ್ನು ಅವನು ಕಷ್ಟಪಟ್ಟು ಕಲಿತಿದ್ದ. ಆರ್.ಟಿ. ನಗರದ ಸ್ಟಾಪಿನಲ್ಲಿ ಹತ್ತುವಾಗ ಕಂಡಕ್ಟರ್ "ಒಳಗ್ ನಡೀರಿ, ಒಳಗೆ ಫುಟ್‌ಬಾಲ್ ಆಡೋವಷ್ಟು ಜಾಗ ಐತೆ" ಎಂದು ಬೆನ್ನಿಗೆ ತಿವಿದಿದ್ದ. ತಿವಿಸಿಕೊಂಡ ಜಾಗ ಬೇರೆ ಯಾರದೋ ಬೆನ್ನಿನ ಹಾಗೆ ದೂರದಲ್ಲಿತ್ತು. ಮುಂದಿನ ಸೀಟಿನ ಹತ್ತಿರ ಒಬ್ಬ ಹೆಂಗಸು, ಒಂದು ಕೈಯಲ್ಲಿ ಊಟದ ಕ್ಯಾರಿಯರ್, ಇನ್ನೊಂದರಲ್ಲಿ ಬಸ್ಸಿನ ಸರಳು, ಮಗಳನ್ನು ಹಿಡಿಯಲು ಮೂರನೆಯ ಕೈ ಇಲ್ಲದೆ ಬಾಯಲ್ಲೇ ಹಿಡಿದುಕೊಂಡಿದ್ದಳು: "ಕಂಬಿ ಬಿಡಬೇಡ ಕಣೇ. ಬಿಡಬೇಡ." ಮೇಖ್ರಿ ಸರ್ಕಲ್ಲಿನ ತಿರುವಿನಲ್ಲಿ ಪಕ್ಕದ ಲಾರಿ ಹಾರ್ನು ಬಾರಿಸಿತು. ಹೆಂಗಸು ಇನ್ನೊಂದು ಸಲ ಕೂಗಿದಳು. ಹಾರ್ನು ಮಾತಿನ ಬಾಲವನ್ನು ನುಂಗಿ 'ಬಿಡಬೇ' ಎಂಬಷ್ಟನ್ನು ಮಾತ್ರ ಉಳಿಸಿತು. ಹುಡುಗಿ ತಾಯಿಯ ಮುಖ ನೋಡಿದಳು, ವಿಧೇಯಳಾಗಿ ಕೈ ಬಿಟ್ಟಳು, ಬಂದು ಬದರಿಯ ಮೊಣಕಾಲಿಗೆ ಬಡಿದಳು. "ಬಿಡಬೇಡ ಅಂದ್ರೆ ಬಿಡ್ತೀಯಲ್ಲೇ, ಕಿವಿ ಎಲ್ಲಿ ಇಟ್ಟಿದ್ದೆ?" ಎಂದು ತಾಯಿ ತಲೆಗೆ ಮೊಟಕಿದಳು. ಹುಡುಗಿ ಅಳಲಿಲ್ಲ. ಹೇಳಿದ್ದನ್ನೇ ತಾನೆ ಮಾಡಿದ್ದು ಎನ್ನುವ ಮುಖ. ಬದರಿ ಆ ಮುಖವನ್ನೇ ನೋಡುತ್ತ ನಿಂತ. ಮೊನ್ನೆ ಸಂಜೆ ತಾನು ಅಳಿಸಿಹಾಕಿದ್ದು ಏನನ್ನು ಎಂದು ಅವನಿಗೆ ಗೊತ್ತಾದದ್ದು ಆಗ.

ಗಾಬರಿಯಾಗಬೇಕಿತ್ತು. ಬಸ್ಸಿನಿಂದ ಹಾರಿ, ಎದುರಿಗೆ ಸಿಕ್ಕವರನ್ನೆಲ್ಲ ನೂಕಿ, ಫೋನಿದ್ದ ಅಂಗಡಿ ಹುಡುಕಿಕೊಂಡು ಓಡಬೇಕಿತ್ತು. ಅವನು ಹಾಗೇ ನಿಂತಿದ್ದ. ಹುಡುಗಿಯ ಎಣ್ಣೆ ಹಚ್ಚಿದ ಜಡೆ ಅವನ ಪ್ಯಾಂಟಿನ ಮೇಲೆ ಒಂದು ಕಲೆ ಮಾಡಿತ್ತು. ಅದನ್ನು ಉಜ್ಜಿದ. ಉಜ್ಜುವಾಗ ಬೆರಳು ನಡುಗದಿರುವುದನ್ನು ಕಂಡು ತನ್ನ ಮೇಲೇ ಹೇಸಿಗೆಯಾಯಿತು. ಆ ಹೇಸಿಗೆಯೂ ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚಿಸಿಕೊಂಡ ದವಡೆಯ ಹಾಗೆ, ಇದೆ ಎಂದು ಗೊತ್ತು, ತನ್ನದು ಅನಿಸುವುದಿಲ್ಲ.

ಯಶವಂತಪುರದ ರೈಲು ಹಳಿಯ ಆಚೆ, ತಗಡು ಹೊದಿಸಿದ ಶೆಡ್ಡಿನಲ್ಲಿ ಅವನ ಕೆಲಸ. ಪುಟ್ಟೇನಹಳ್ಳಿ ಕೆರೆಯ ಮಗ್ಗುಲಿನ ಹೊಲ ಮಾರಿದ ರಾಮಕೃಷ್ಣಪ್ಪ ಆ ಶೆಡ್ಡನ್ನು ಕಟ್ಟಿಸಿ, ಹಳೆಯ ಯಂತ್ರಗಳಿಗೆ ಬುದ್ಧಿ ಕೂರಿಸುವ ಪೆಟ್ಟಿಗೆಗಳನ್ನು ಮಾಡಿಸುತ್ತಿದ್ದ. ಪೆಟ್ಟಿಗೆಯ ಒಳಗೆ ಎರಡು ಸಾಲು ಕಾಲಿನ ಒಂದು ಚಿಪ್ಪು; ಶೆಡ್ಡಿನವರು ಅದನ್ನು ಜಿರಲೆ ಎನ್ನುತ್ತಿದ್ದರು. ಜಿರಲೆಗೆ ಏನು ಮಾಡಬೇಕೆಂದು ಹೇಳುವವನು ಇಂಜಿನಿಯರ್ ಸೇತುರಾಮ. ಅವನು ಯಂತ್ರದ ಕೆಳಮಟ್ಟದ ಭಾಷೆಯಲ್ಲಿ, ಒಂದು ಸಾಲಿಗೆ ಒಂದೇ ಒಂದು ಸಣ್ಣ ಅಪ್ಪಣೆಯಂತೆ, ಪೆನ್ಸಿಲಿನಲ್ಲಿ ಬರೆಯುತ್ತಿದ್ದ: ಇದನ್ನು ಎತ್ತು, ಅದರೊಂದಿಗೆ ಹೋಲಿಸು, ಸೊನ್ನೆಯಾದರೆ ಇಂಥ ಜಾಗಕ್ಕೆ ಹಾರು. ಹಾರಬೇಕಾದ ಜಾಗಕ್ಕೊಂದು ಹೆಸರು. ಬದರಿ ಅದನ್ನು ಕಂಪ್ಯೂಟರಿಗೆ ಟೈಪು ಮಾಡುತ್ತಿದ್ದ. ಒಂಬತ್ತನೇ ಕ್ಲಾಸಿಗೆ ಓದು ಬಿಟ್ಟವನಿಗೆ ಗಂಗಾನಗರದ ಟೈಪಿಂಗ್ ಇನ್‌ಸ್ಟಿಟ್ಯೂಟು ಕೊಟ್ಟಿದ್ದ ಬೆರಳು ಅದು. ಕಣ್ಣು ಹಾಳೆಯ ಮೇಲೆ, ಬೆರಳು ಕೀಲಿಯ ಮೇಲೆ, ನಡುವೆ ಯಾರೂ ಇಲ್ಲ. ಟೈಪಿಸ್ಟು ಓದುವುದಿಲ್ಲ. ಓದಿದರೆ ವೇಗ ಹೋಗುತ್ತದೆ ಎಂದು ಇನ್‌ಸ್ಟಿಟ್ಯೂಟಿನ ಮೇಡಂ ಮೊದಲ ದಿನವೇ ಹೇಳಿಕೊಟ್ಟಿದ್ದರು.

ಟೈಪಾದ ಮೇಲೆ ಅಸೆಂಬ್ಲರ್ ಎಂಬ ಪ್ರೋಗ್ರಾಮು ಅದಷ್ಟನ್ನೂ ಅಂಕಿಗಳಾಗಿ ಕಟ್ಟುತ್ತಿತ್ತು. ಕಟ್ಟುವಾಗಲೇ ತಪ್ಪು ಹಿಡಿಯುತ್ತಿತ್ತು. ಬೈಯುತ್ತಿರಲಿಲ್ಲ, ಅಚ್ಚಾಗಿ ಬರುವ ಲಿಸ್ಟಿನಲ್ಲಿ ತಪ್ಪಾದ ಸಾಲಿನ ಎಡಕ್ಕೆ, ಅಂಚಿನಲ್ಲಿ, ಒಂದೇ ಒಂದು ಅಕ್ಷರ ಹಾಕುತ್ತಿತ್ತು. ಒಂದೇ ಹೆಸರನ್ನು ಎರಡು ಜಾಗಕ್ಕೆ ಇಟ್ಟರೆ 'ಎಂ'. ಇಡದ ಹೆಸರನ್ನು ಕರೆದರೆ 'ಯು'. ಕೊನೆಯ ಸಾಲಿನಲ್ಲಿ ಒಟ್ಟು ತಪ್ಪು ಎಷ್ಟು ಎಂಬ ಲೆಕ್ಕ. ಬದುಕಿನಲ್ಲಿ ಬದರಿಯ ತಪ್ಪನ್ನು ದನಿ ಎತ್ತದೆ ಹೇಳಿದ್ದು ಅದೊಂದೇ. ಆದರೆ ಸೇತುರಾಮ ಇದ್ದನಲ್ಲ. ಅಂಚಿನಲ್ಲಿ ಅಕ್ಷರ ಕಂಡಾಗಲೆಲ್ಲ ಅವನು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಸೋಲ್ಡರು ಹಾಕುವ ಹೆಂಗಸರಿಗೂ ಕೇಳುವ ಹಾಗೆ, "ಬದ್ರಿ, ನಿನ್ನ ಬೆರಳಿಗೆ ಸ್ವಲ್ಪ ಹೇಳಪ್ಪಾ" ಎನ್ನುತ್ತಿದ್ದ. ಒಮ್ಮೆ ಬದರಿ ಒಂದೇ ಸಾಲನ್ನು ಎರಡು ಸಲ ಟೈಪು ಮಾಡಿದ್ದ. ಆಗಿನಿಂದ ಹೆಂಗಸರಲ್ಲಿ ಒಬ್ಬಳು, ಪಾರವ್ವ, ಚಹಾ ಬಂದಾಗ "ಬದರಿ ಅಣ್ಣಾವ್ರಿಗೆ ಎರಡೆರಡು ಕೊಡ್ರೀ, ಅವರು ಏನ್ ಮಾಡಿದ್ರೂ ಎರಡು ಸಲಾನೇ ಮಾಡೋದು" ಎಂದು ನಗಿಸುತ್ತಿದ್ದಳು. ಅವನೂ ನಗುತ್ತಿದ್ದ. ನಗುವಾಗ ಅವಳ ಕೈಯಲ್ಲಿದ್ದ ಬೆಸುಗೆಯ ಬಿಸಿ ಕಡ್ಡಿಯನ್ನು ಕಸಿದು ಮೇಜಿಗೆ ಚುಚ್ಚಬೇಕು ಎನಿಸುತ್ತಿತ್ತು.

ಹೆಸರುಗಳನ್ನು ಕನ್ನಡದಲ್ಲಿ ಇಡುವುದು ರಾಮಕೃಷ್ಣಪ್ಪನ ಅಪ್ಪಣೆ. ಮದರಾಸಿನ ಯಾರೋ ಅವರ ಹಿಂದಿನ ಪೆಟ್ಟಿಗೆಯ ಪ್ರೋಗ್ರಾಮನ್ನು ನಕಲು ಮಾಡಿಕೊಂಡಿದ್ದರಂತೆ. "ಇಂಗ್ಲೀಸಲ್ ಬರದ್ರೆ ಎಲ್ರಿಗೂ ತಿಳೀತದೆ. ನಮ್ ಬಾಸೇಲಿ ಇಡ್ರೀ ಇಂಜಿನಿಯರ್ರೇ, ಕದ್ದೋನು ತಲೆ ಚಚ್ಕಳ್ಳಿ." ಹಾಗಾಗಿ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡದ ಮಾತು. ರಾಜಾನುಕುಂಟೆಯ ಟೈರ್ ರೀಸೋಲ್ ಅಂಗಡಿಗೆ ಮಾಡಿದ ಪೆಟ್ಟಿಗೆಯಲ್ಲಿ ಸೇತುರಾಮ ಎರಡು ಹೆಸರು ಇಟ್ಟಿದ್ದ. ಅಲ್ಲಿ ಒಂದು ದೊಡ್ಡ ಕಬ್ಬಿಣದ ಕೊಳವೆಯಂಥ ಕೋಣೆ. ಹಳೆಯ ಟೈರುಗಳಿಗೆ ಹೊಸ ರಬ್ಬರು ಸುತ್ತಿ ಒಳಗೆ ತೂಗುಹಾಕಿ, ಬಾಗಿಲು ಜಡಿದು, ಬಿಸಿಗಾಳಿ ತುಂಬಿ ಬೇಯಿಸುತ್ತಾರೆ. ಒಳಗೆ ಒತ್ತಡ ಇರುವಾಗ ಬಾಗಿಲು ತೆರೆದರೆ ಆ ಬಾಗಿಲೇ ಎದುರಿನವನ ಮೇಲೆ ಬರುತ್ತದೆ. ಆದ್ದರಿಂದ ಬಾಗಿಲಿಗೆ ಒಂದು ಬೀಗದ ಗೂಟ, ಗೂಟಕ್ಕೆ ಇವರ ಜಿರಲೆಯ ಕಾವಲು. ಒತ್ತಡ ಸೊನ್ನೆಯಾಗಿದ್ದರೆ ಹಾರಬೇಕಾದ ಜಾಗದ ಹೆಸರು 'ಬಿಡಬೇಕು': ಗೂಟ ಹಿಂದಕ್ಕೆ, ಹಸಿರು ದೀಪ. ಇನ್ನೂ ಒತ್ತಡ ಇದ್ದರೆ ಹಾರಬೇಕಾದ ಜಾಗದ ಹೆಸರು 'ಬಿಡಬೇಡ': ಗೂಟ ಹಾಗೇ, ಕೆಂಪು ದೀಪ. ಅಸೆಂಬ್ಲರ್ ಯಾವ ಹೆಸರಿನಲ್ಲೂ ಮೊದಲ ಆರು ಅಕ್ಷರ ಮಾತ್ರ ಓದುತ್ತದೆ. ಉಳಿದದ್ದು ಅದಕ್ಕೆ ಕಾಣುವುದಿಲ್ಲ. ಬಿ, ಐ, ಡಿ, ಎ, ಬಿ, ಇ. ಬಿಡಬೇ. ಅಲ್ಲಿಗೆ ಅದರ ಕಿವಿ ಮುಚ್ಚುತ್ತದೆ. ಬೇಕೋ ಬೇಡವೋ ಎನ್ನುವುದನ್ನು ಕನ್ನಡ ಕಟ್ಟಕಡೆಗೆ ತಾನೆ ಹೇಳುವುದು.

ಮೊನ್ನೆ ಸಂಜೆ ಅದು ಎರಡೂ ಸಾಲಿನ ಅಂಚಿನಲ್ಲಿ 'ಎಂ' ಹಾಕಿತ್ತು. ಕೆಳಗೆ ಹೆಸರುಗಳ ಪಟ್ಟಿಯಲ್ಲಿ 'ಬಿಡಬೇ' ಎಂದು ಒಂದೇ ಸಲ. ಸೇತುರಾಮ ಹೊರಗೆ ಸಿಗರೇಟಿಗೆ ಹೋಗಿದ್ದ. ಬದರಿಯ ಕಣ್ಣಿಗೂ ಆ ಹೊತ್ತಿನಲ್ಲಿ ಆರಕ್ಷರ ಮಾತ್ರ ಕಂಡಿತು. ಮತ್ತೆ ಎರಡು ಸಲ ಹೊಡೆದಿದ್ದೇನೆ, ಎಂದುಕೊಂಡ. ಕಿವಿಯ ಹಿಂದೆ ಬಿಸಿಯಾಯಿತು. ಪಾರವ್ವ ಇತ್ತಲೇ ನೋಡುತ್ತಿದ್ದಳೋ ಏನೋ. ಎರಡನೆಯ ಜಾಗದ ಮುಂದಿದ್ದ ಹೆಸರನ್ನು ಅಳಿಸಿದ, ಮತ್ತೆ ಕಟ್ಟಿಸಿದ. ಅಂಚು ತೊಳೆದ ಹಾಗೆ ಖಾಲಿ. 'ಬಿಡಬೇಡ'ಕ್ಕೆ ಹಾರು ಎಂಬ ಅಪ್ಪಣೆ ಮಾತ್ರ ಮೇಲೆಲ್ಲೋ ಹಾಗೇ ಉಳಿದಿತ್ತು. ಅಸೆಂಬ್ಲರ್ ಅದರ ಮೊದಲ ಆರಕ್ಷರ ಓದಿ, ಇರುವ ಒಂದೇ 'ಬಿಡಬೇ'ಗೆ, ಎಂದರೆ ಗೂಟ ತೆಗೆಯುವ ಜಾಗಕ್ಕೆ ಕಳುಹಿಸಿಕೊಟ್ಟಿತು. ತಪ್ಪು ಎಲ್ಲಿ? ಹೆಸರು ಒಂದು, ಜಾಗ ಒಂದು. ಸೇತುರಾಮ ಬಂದು ಕೊನೆಯ ಸಾಲು ನೋಡಿದ. "ಸೊನ್ನೆ! ಏನಪ್ಪಾ, ಇವತ್ತು ಬೆರಳು ಗಂಗಾಸ್ನಾನ ಮಾಡ್ಕೊಂಡ್ ಬಂದಿದೆ" ಎಂದ. ಅದು ಬದರಿಗೆ ಆ ವರ್ಷ ಸಿಕ್ಕ ಮೊದಲ ಹೊಗಳಿಕೆ. ಶೆಡ್ಡಿನಲ್ಲಿ ಪರೀಕ್ಷೆ ಮಾಡಿದಾಗ ಒತ್ತಡ ಎಲ್ಲಿಂದ ಬರಬೇಕು; ಹಸಿರು ದೀಪ ಹತ್ತಿತು, ಎಲ್ಲರೂ ತಲೆಯಾಡಿಸಿದರು. ನಿನ್ನೆ ಸೇತುರಾಮನೇ ಸ್ಕೂಟರಿನಲ್ಲಿ ಹೋಗಿ ಪೆಟ್ಟಿಗೆ ಕೂರಿಸಿ ಬಂದ. ಇವತ್ತು ಮೊದಲ ಸಲ ಟೈರು ತುಂಬುತ್ತಾರೆ. ಊಟದ ಹೊತ್ತಿಗೆ ಬಾಗಿಲು ತೆಗೆಯುತ್ತಾರೆ. ತೆಗೆಯುವವನು ಬೈರಣ್ಣ.

ಬೈರಣ್ಣ ಹೋದ ವಾರ ಪೆಟ್ಟಿಗೆ ನೋಡಲು ಶೆಡ್ಡಿಗೆ ಬಂದಿದ್ದ. ರಬ್ಬರಿನ ವಾಸನೆಯ, ಐವತ್ತರ ಆಸುಪಾಸಿನ ಮನುಷ್ಯ. ಇಂಜಿನಿಯರನ್ನು ಕೇಳಲು ಸಂಕೋಚಪಟ್ಟು ಬದರಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು, "ಸಾಮೀ, ಒಳಗೆ ಉಸುರು ಇದ್ರೆ ಇದು ಬಾಗ್ಲು ಬಿಡಾಕಿಲ್ಲ ತಾನೆ?" ಎಂದಿದ್ದ. "ಬಿಡಲ್ಲ" ಎಂದಿದ್ದ ಬದರಿ. "ಗ್ಯಾರಂಟಿಯಾ?" "ಗ್ಯಾರಂಟಿ." ಆ ಪದ ಹೇಳುವಾಗ ಬಾಯಲ್ಲಿ ಒಂದು ಸುಖವಿತ್ತು. ಯಾರೂ ಅವನನ್ನು ಗ್ಯಾರಂಟಿ ಕೇಳಿರಲಿಲ್ಲ.

ಯಶವಂತಪುರದಲ್ಲಿ ಇಳಿದು ಹಳಿ ದಾಟುವಾಗ ಗೂಡ್ಸು ಗಾಡಿಯೊಂದು ಅಡ್ಡ ನಿಂತಿತ್ತು. ಜನ ಬೋಗಿಗಳ ಕೆಳಗೆ ನುಸುಳುತ್ತಿದ್ದರು. ಬದರಿ ನುಸುಳಲಿಲ್ಲ, ಗಾಡಿ ಹೋಗಲಿ ಎಂದು ಕಾದ. ಕಾಯುವುದು ಬರೀ ನೆಪ ಎಂದು ಅವನಿಗೇ ಗೊತ್ತಿತ್ತು. ಹೀಗೇ ಒಮ್ಮೆ, ಒಂಬತ್ತನೇ ಕ್ಲಾಸಿನಲ್ಲಿ, ಹೆಡ್‌ಮಾಸ್ಟರ ರೂಮಿನ ಹೊರಗೆ ಕಾದಿದ್ದ. ಕನ್ನಡ ಮೀಡಿಯಮ್ಮಿನಿಂದ ಎಳೆದು ಇಂಗ್ಲಿಷಿಗೆ ಹಾಕಿದ್ದರು. ಗಣಿತದಲ್ಲಿ ಒಂದಂಕಿ ಬಂದಿತ್ತು. ಒಳಗೆ ಕರೆದು, ಅಪ್ಪನ ಎದುರಿಗೆ, ಹೆಡ್‌ಮಾಸ್ಟರು ಇಂಗ್ಲಿಷಿನಲ್ಲಿ ಕೇಳಿದರು: "ಡೋಂಟ್ ಯು ವಾಂಟ್ ಟು ಸ್ಟಡಿ?" ಬದರಿ "ಯೆಸ್ ಸರ್" ಎಂದ. ಹೌದು, ಓದಬೇಕು ಎಂದೋ. ಹೌದು, ನೀವು ಹೇಳಿದ ಹಾಗೆ ಬೇಡ ಎಂದೋ. "ನೋಡಿದ್ರಾ, ಬೇಡ್ವಂತೆ, ಅವನೇ ಹೇಳ್ತಿದಾನೆ" ಎಂದು ನಕ್ಕರು ಹೆಡ್‌ಮಾಸ್ಟರು. ಅಪ್ಪ ಛತ್ರಿ ತೆಗೆದುಕೊಂಡು ಎದ್ದ. ಬದರಿ ತಿದ್ದಬಹುದಿತ್ತು. ಒಂದು ಮಾತು ಸಾಕಿತ್ತು. ಆದರೆ ಅವರ ನಗುವಿನಲ್ಲಿ ಎಂಥದೋ ನಿರಾಳವಿತ್ತು, ಎಲ್ಲರಿಗೂ ಕೆಲಸ ಸುಲಭವಾಗಿತ್ತು. ಆಗಲಿ, ಹಾಗೇ ಆಗಲಿ, ಎಂದು ಒಳಗೇ ಹಲ್ಲು ಕಚ್ಚಿದ್ದ. ಅಮ್ಮ ನಾಗಮಣಿ ಮನೆಯ ಮೆಟ್ಟಿಲ ಮೇಲೆ ಕೂತು "ಬಿಡಬೇಡ ಕಣೋ ಬದ್ರಿ" ಎಂದಾಗ ಅವನು ಮಾತು ಮುಗಿಯುವ ಮುಂಚೆ ಒಳಗೆ ಹೋಗಿದ್ದ. ತಾನು ಆವತ್ತು ಏನು ಹೇಳಬೇಕೆಂದಿದ್ದೆ ಎನ್ನುವುದು ಇವತ್ತಿಗೂ ಅವನಿಗೆ ತಿಳಿಯದು. ಗಾಡಿ ಹೋಯಿತು.

ಶೆಡ್ಡಿನಲ್ಲಿ ಸೇತುರಾಮ ಬೇರೊಂದು ಪೆಟ್ಟಿಗೆಯ ಹೊಟ್ಟೆ ಬಿಚ್ಚಿ ಕೂತಿದ್ದ. ಹಲ್ಲಿನಲ್ಲಿ ಸ್ಕ್ರೂ ಕಚ್ಚಿಕೊಂಡಿದ್ದ. ಬದರಿ ಅವನ ಹಿಂದೆ ನಿಂತ. ದಾರಿಯುದ್ದಕ್ಕೂ ಹೊಂದಿಸಿಕೊಂಡಿದ್ದ ವಾಕ್ಯ: ಸರ್, ಮೊನ್ನೆ ಬಿಡಬೇಡ ಅನ್ನೋ ಹೆಸರನ್ನ ನಾನು ಅಳಿಸಿದೆ.

"ಸರ್, ಮೊನ್ನೆ ಬಿಡಬೇ..."

"ಮೊನ್ನೇದು ಬಿಡಪ್ಪಾ," ಎಂದ ಸೇತುರಾಮ ಸ್ಕ್ರೂ ತೆಗೆಯದೆಯೇ. "ಮೊನ್ನೇದು ಮುಗೀತು. ಆ ಹಾಳೆ ನೋಡು, ನಾಕು ಪುಟ ಇದೆ. ಮಧ್ಯಾಹ್ನದೊಳಗೆ ಬೇಕು."

"ಅಲ್ಲ ಸರ್..."

"ಬದ್ರೀ." ಅಷ್ಟೇ. ಹೆಸರನ್ನು ಬಾಗಿಲಿನ ಹಾಗೆ ಮುಚ್ಚಿದ.

ಪಾರವ್ವ ಕಿಸಕ್ಕೆಂದಳು. ಬದರಿ ತನ್ನ ಕುರ್ಚಿಯಲ್ಲಿ ಕೂತು ನಾಕು ಪುಟದ ಮೊದಲ ಸಾಲು ಟೈಪು ಮಾಡಿದ. ಎರಡನೆಯದು ಮಾಡಿದ. ಬಿಡು ಅಂದನಲ್ಲ, ಬಿಟ್ಟೆ. ಅವನೇ ಅಂದದ್ದು. ಇಡೀ ಜಗತ್ತು ಅವನಿಗೆ ಬಿಡು ಎಂದೇ ಹೇಳುತ್ತ ಬಂದಿದೆ. ಈಗ ಅದರ ಒಂದು ಸಲದ ಬೆಲೆಯನ್ನು ಬೇರೆ ಯಾರಾದರೂ ತೆರಲಿ. ಬಾಗಿಲು ಹಾರಿದ ಮೇಲೆ ಸೇತುರಾಮ ಲಿಸ್ಟು ಬಿಚ್ಚಿ ನೋಡುತ್ತಾನೆ, ಕೊನೆಯ ಸಾಲಿನ ಕೆಳಗೆ 'ನೋಡಿದ್ದೇನೆ' ಎಂದು ತಾನೇ ಹಾಕಿದ ಸಹಿ ನೋಡುತ್ತಾನೆ, ಆಗ ಅವನ ಹಲ್ಲಿನಲ್ಲಿ ಸ್ಕ್ರೂ ಇರುವುದಿಲ್ಲ. ಆ ಚಿತ್ರವನ್ನು ಬದರಿ ಸ್ಪಷ್ಟವಾಗಿ ಕಂಡ, ಸವಿದ, ಸವಿಯುತ್ತಿರುವುದು ಗೊತ್ತಾಗಿಯೂ ನಿಲ್ಲಿಸಲಿಲ್ಲ. ಚಿತ್ರದಲ್ಲಿ ಬೈರಣ್ಣ ಇರಲಿಲ್ಲ. ಬೈರಣ್ಣನನ್ನು ಅಂಚಿನಾಚೆ ಇಟ್ಟಿದ್ದ. ಎಷ್ಟು ಪುಟ ಟೈಪು ಮಾಡಿದನೋ. ಬೆರಳು ತನ್ನ ಪಾಡಿಗೆ ಓಡುತ್ತಿತ್ತು. ಹೊರಗೆ ಲಾರಿಯೊಂದು ಹಿಂದಕ್ಕೆ ಬರುತ್ತ ಗಾಳಿ ಬ್ರೇಕು ಬಿಟ್ಟಿತು, ಉಸ್ಸೆಂದು. 'ಒಳಗೆ ಉಸುರು ಇದ್ರೆ.' ಬದರಿಯ ಬೆರಳು ನಿಂತಿತು. ಪರದೆಯ ಮೇಲೆ ನೋಡಿದರೆ, ಒಂದೇ ಸಾಲನ್ನು ಎರಡು ಸಲ ಹೊಡೆದಿದ್ದ.

ಅವನು ಎದ್ದು ರಾಮಕೃಷ್ಣಪ್ಪನ ಕ್ಯಾಬಿನ್ನಿಗೆ ನಡೆದ. ಓಡಲಿಲ್ಲ. ಕಾಲಿಗೆ ಓಡುವುದು ಮರೆತಿತ್ತು. ರಾಮಕೃಷ್ಣಪ್ಪ ಬೆಂಚಿನ ಮೇಲೆ ಚಕ್ಕಂಬಕ್ಕಳ ಹಾಕಿ ಎಲೆಗೆ ಸುಣ್ಣ ಸವರುತ್ತಿದ್ದ. ಮೇಜಿನ ಮೇಲೆ ಕಪ್ಪು ಫೋನು, ಡಯಲಿಗೆ ಸಣ್ಣ ಹಿತ್ತಾಳೆ ಬೀಗ.

"ಫೋನ್ ಬೇಕು ಸಾರ್."

"ಯಾಕ್ಲಾ? ನಿಮ್ಮಪ್ಪಂಗೆ ಉಸಾರಿಲ್ವಾ?"

"ರಾಜಾನುಕುಂಟೆಗೆ. ರೀಸೋಲ್ ಅಂಗಡಿಗೆ."

ರಾಮಕೃಷ್ಣಪ್ಪ ಅವನ ಮುಖ ನೋಡಿದ. ಅದರಲ್ಲಿ ಏನು ಕಂಡನೋ, ಉಡಿದಾರದಿಂದ ಬೀಗದ ಕೈ ಬಿಚ್ಚಿ ಕೊಟ್ಟ. ಬದರಿ ಎಕ್ಸ್‌ಚೇಂಜಿಗೆ ನಂಬರು ಹೇಳಿದ. ಕಾಯಿರಿ ಎಂದರು. ಕಾದ. ತಂತಿಯಲ್ಲಿ ಮಂಡಕ್ಕಿ ಹುರಿಯುವ ಸದ್ದು. ಅದರ ಹಿಂದೆ, ಬಹಳ ದೂರದಲ್ಲಿ, ಒಬ್ಬ ಮುದುಕಿಯ ದನಿ. ಅಂಗಡಿ ಯಜಮಾನನ ತಾಯಿ ಲಕ್ಷ್ಮಿದೇವಮ್ಮ, ಫೋನಿನ ಪಕ್ಕ ಕೂರುವುದೇ ಅವಳ ಕೆಲಸ.

"ಯಾರು?"

"ಯಶವಂತಪುರದಿಂದ ಅಮ್ಮಾ. ಬೈರಣ್ಣಂಗೆ ಹೇಳಿ. ಬಾಗಿಲು ಬಿಡಬೇಡ ಅಂತ."

"ಏನಂದ್ರಿ? ಕೇಳಾಕಿಲ್ಲ."

"ಬಾಗಿಲು! ಬಾಗಿಲು ಬಿಡಬೇಡ!" ಮಂಡಕ್ಕಿ ಚಟಪಟ ಸಿಡಿಯಿತು.

"ಬಾಗ್ಲಾ? ಊಂ, ಸರಿ ಸರಿ." ಅವಳು ಫೋನಿನಿಂದ ಮುಖ ತಿರುಗಿಸಿ ಕೂಗಿದ್ದು ಅವನಿಗೆ ಸ್ಪಷ್ಟವಾಗಿ ಕೇಳಿಸಿತು. ಆ ತಂತಿಯಲ್ಲಿ ಅಲ್ಲಿಯವರೆಗೆ ಪೂರ್ತಿಯಾಗಿ ದಾಟಿ ಬಂದ ಒಂದೇ ಮಾತು ಅದು: "ಬೈರಣ್ಣೋ! ಬಾಗ್ಲು ಬಿಡಬೇಕಂತೆ ಕಣ್ಲಾ! ಕಂಪ್ನಿಯೋರು ಏಳ್ತಾವ್ರೆ!"

ಬದರಿಯ ಒಳಗೆ ಬೆಳಗಿನಿಂದ ಮಲಗಿದ್ದದ್ದು ಎದ್ದದ್ದು ಆಗ. ವಾಕ್ಯವಿರಲಿಲ್ಲ. ಬಾಗಿಲು, ಗೂಟ, ಬೈರಣ್ಣ, ಯಾವುದೂ ಇರಲಿಲ್ಲ. ಕನ್ನಡ ಕೊನೆಗೆ ಇಡುವುದನ್ನು ಮೊದಲು ಕಿತ್ತು ಹೊರಗೆ ಎಸೆದ: "ಬೇಡ! ಬೇಡ! ಬೇಡ! ಬೇಡ!" ತಗಡಿನ ಸೂರು ಅದನ್ನು ವಾಪಸು ಕೊಟ್ಟಿತು. ಸೋಲ್ಡರಿನ ಹೆಂಗಸರು ಎದ್ದು ನಿಂತರು. ಸೇತುರಾಮ ಕ್ಯಾಬಿನ್ನಿನ ಬಾಗಿಲಿಗೆ ಬಂದ. ರಾಮಕೃಷ್ಣಪ್ಪನ ಕೈಯಲ್ಲಿ ಸುಣ್ಣದ ಬೆರಳು ಹಾಗೇ ಎತ್ತಿಕೊಂಡಿತ್ತು. ಬದರಿ ಕಣ್ಣು ಮುಚ್ಚಿ, ಹೆಡ್‌ಮಾಸ್ಟರಿಗೆ, ಅಪ್ಪನ ಛತ್ರಿಗೆ, ಯಾರಿಗೆಂದು ತಿಳಿಯದೆ, ಗಂಟಲು ಹರಿಯುವ ಹಾಗೆ ಅದೊಂದೇ ಪದವನ್ನು ಕೂಗುತ್ತಿದ್ದ.

ಆ ತುದಿಯಲ್ಲಿ ಫೋನನ್ನು ಮೇಜಿನ ಮೇಲೆ ಇಟ್ಟ ಸದ್ದು. ಕಂಪ್ರೆಸರ್ ಓಡುವ ಸದ್ದು. ಹೆಜ್ಜೆಗಳು, ಬರುತ್ತಿವೆಯೋ ಹೋಗುತ್ತಿವೆಯೋ. ಬದರಿ ಫೋನನ್ನು ಕಿವಿಗೆ ಒತ್ತಿ ಹಿಡಿದು ಒಂದು ದೊಡ್ಡ ಸದ್ದಿಗಾಗಿ ಕಾದ.

"ಯಾರಪ್ಪಾ ಅದು, ಬೇಡ ಬೇಡ ಅಂತ ಬಡ್ಕಳ್ಳಾದು?" ಬೈರಣ್ಣ. "ಸಾಮೀ, ನೀವಾ? ಆಸ್ಪತ್ರೇಲಿ ಸೂಜಿ ಕಂಡ ಮಗು ಕೂಗ್ದಂಗೆ ಕೂಗ್ತೀರಲ್ಲ. ಅಮ್ಮ ನೋಡುದ್ರೆ ಬಿಡಬೇಕು ಅಂತೈತೆ, ಫೋನು ಬೇಡ ಅಂತೈತೆ. ಅಸುರು ಲೈಟು ಆವಾಗ್ಲಿಂದ ಉರೀತೈತೆ ಇಲ್ಲಿ. ಉಸುರು ತೋರ್ಸೋ ಮೀಟ್ರು ಸೂಜಿ ಮಾತ್ರ ಮ್ಯಾಗೇ ಐತೆ. ಸೂಜಿ ಕೆಟ್ಟೈತೆ ಅನ್ಕಂಡೆ, ನಿಮ್ ಲೈಟು ಸುಳ್ಳೇಳ್ತದಾ ಅಂತ. ಬಾಗ್ಲು ತಿರುಪೋ ಇಡಿಗೆ ಕೈ ಇಕ್ಕಿದ್ದೆ. ಏನ್ಮಾಡ್ಲಿ?"

"ಬೇಡ," ಎಂದ ಬದರಿ. ಈಗ ದನಿ ಬರಲಿಲ್ಲ, ಗಾಳಿ ಬಂತು. ಸೇತುರಾಮ ಅವನ ಕೈಯಿಂದ ಫೋನು ಕಸಿದುಕೊಂಡ. ಅವನಿಗೆ ಇನ್ನೂ ಏನೂ ಗೊತ್ತಿರಲಿಲ್ಲ. ಹಸಿರು ದೀಪ, ಮೇಲಿರುವ ಸೂಜಿ, ಫೋನಿನಿಂದ ಆಚೆಗೂ ಕೇಳುತ್ತಿದ್ದ ಇವೆರಡು ಮಾತು ಮಾತ್ರ ಕೇಳಿಸಿಕೊಂಡು ಅವನ ಮುಖ ಬಿಳುಪಾಗಿತ್ತು. "ಬೈರಣ್ಣ, ಕೈ ತೆಗೀರಿ. ದೂರ ಬನ್ನಿ. ಮೇಲಿನ ಕವಾಟ ಕೈಯಿಂದಲೇ ತಿರುಗಿಸಿ, ಗಾಳಿ ಪೂರ್ತಿ ಹೋಗ್ಲಿ. ಅಲ್ಲೀವರೆಗೆ ಬಾಗಿಲ ಮುಂದೆ ಯಾರೂ ನಿಲ್ಲಕೂಡದು."

ಆಮೇಲೆ ಲಿಸ್ಟು ತರಿಸಿದ. ಹಾಳೆಗಳು ಒಂದಕ್ಕೊಂದು ಅಂಟಿಕೊಂಡ ಉದ್ದನೆಯ ಮಡಿಕೆ. ರಾಮಕೃಷ್ಣಪ್ಪನ ಮೇಜಿನ ಮೇಲೆ ಬಿಚ್ಚಿ ಬೆರಳಿಟ್ಟು ಹುಡುಕಿದ. ಹೆಸರಿಲ್ಲದ ಜಾಗಕ್ಕೆ ಬಂದು ಬೆರಳು ನಿಂತಿತು. ತನ್ನ ಪೆನ್ಸಿಲಿನ ಮೂಲ ಹಾಳೆಯನ್ನು ಪಕ್ಕಕ್ಕಿಟ್ಟ. ಅಲ್ಲಿ ಹೆಸರಿತ್ತು. ಬದರಿ ಏಟಿಗೆ ಕಾಯುವವನ ಹಾಗೆ ಕತ್ತನ್ನು ಸ್ವಲ್ಪ ಒಳಗೆ ಎಳೆದುಕೊಂಡು ನಿಂತಿದ್ದ. ಬರಲಿ. ಬಂದರೆ ಮುಗಿಯುತ್ತದೆ. ಸೇತುರಾಮ ಮಡಿಕೆಯ ಕೊನೆಗೆ ಹೋದ. ಸೊನ್ನೆ. ಕೆಳಗೆ ತನ್ನ ಸಹಿ. ಅದನ್ನು ಬಹಳ ಹೊತ್ತು ನೋಡಿದ. ಮಡಿಕೆಯನ್ನು ಸಾವಕಾಶವಾಗಿ ಮುಚ್ಚಿದ.

"ಏನ್ರೀ ಇಂಜಿನಿಯರ್ರೇ? ಯಾರ್ದು ತಪ್ಪು?" ಎಂದ ರಾಮಕೃಷ್ಣಪ್ಪ. "ಒಂದ್ ಜೀವ ಓಗ್ತಿತ್ತಲ್ರೀ ಇಂಗೆ!"

"ಅಸೆಂಬ್ಲರ್‌ದು ಸಾರ್. ಆರಕ್ಷರದ ಮೇಲೆ ಅದು ಓದಲ್ಲ. ಎರಡು ಹೆಸರು ಸೇರಿಹೋಗಿದೆ." ಬದರಿಯ ಕಡೆ ನೋಡದೆ ಹೇಳಿದ: "ಬದ್ರಿ ಹಿಡಿದ."

"ಇವ್ನಾ?" ರಾಮಕೃಷ್ಣಪ್ಪ ಬೆಂಚಿನಿಂದ ಇಳಿದು ಬಂದು ಅವನ ಹೆಗಲಿಗೆ ಬಡಿದ, ಅಂಗಿಯ ಮೇಲೆ ಸುಣ್ಣದ ಬೆರಳು ಮೂಡಿತು. "ಬಲೇ! ಒಂಬತ್ನೇ ಕ್ಲಾಸಿಗೇ ಬಿಟ್ಟೋನು! ನಾನು ಇವ್ನಿಗೆ ಕಾಲು ಕಾಸಿನ ಬುದ್ದಿ ಇಲ್ಲ ಅನ್ಕಂಡಿದ್ದೆ ಕಣ್ರೀ!"

"ತಪ್ಪು ನಂ..." ಎಂದ ಬದರಿ.

"ನಿಂದಲ್ಲ ಕಣ್ಲಾ, ಗೊತ್ತು ಬಿಡು!" ರಾಮಕೃಷ್ಣಪ್ಪ ನಗುತ್ತ ಕ್ಯಾಬಿನ್ನಿನ ಹೊರಗೆ ಮುಖ ಹಾಕಿ ಕೂಗಿದ: "ಪಾರವ್ವಾ, ಓಟ್ಲಿಂದ ಬದ್ರಿಗೆ ಮಸಾಲೆದೋಸೆ ತರ್ಸಮ್ಮಾ. ಎರಡು ತರ್ಸು!"

ಬದರಿ ಬಾಯಿ ತೆರೆದುಕೊಂಡೇ ನಿಂತಿದ್ದ. ಉಳಿದ ಅಕ್ಷರ ನಾಲಗೆಯ ಮೇಲೆ ಇತ್ತು. ಈಗಲೂ ಹೇಳಬಹುದಿತ್ತು, ಇನ್ನೊಂದು ಮಾತು ಸಾಕಿತ್ತು. ರಾಮಕೃಷ್ಣಪ್ಪನ ನಗುವಿನಲ್ಲಿ ಅದೇ ಹಳೆಯ ನಿರಾಳ, ಎಲ್ಲರಿಗೂ ಕೆಲಸ ಸುಲಭವಾಗಿತ್ತು. ಬದರಿ ಬಾಯಿ ಮುಚ್ಚಿದ. ದೋಸೆ ಬಂತು. ಎರಡೂ ಅವನ ಮುಂದೆಯೇ ಇಟ್ಟರು. ಪಾರವ್ವ ಆವತ್ತು ನಗಿಸಲಿಲ್ಲ. ನೀರಿನ ಲೋಟ ತಂದಿಟ್ಟು "ತಿನ್ನಿ ಅಣ್ಣಾ, ಆರ್ತದೆ" ಎಂದಳು, ಹಿಂದೆಂದೂ ಇಲ್ಲದ ಮರ್ಯಾದೆಯಲ್ಲಿ. ಆ ಮರ್ಯಾದೆಗಿಂತ ಆ ನಗುವೇ ವಾಸಿಯಾಗಿತ್ತು. ಅವನು ತಿಂದ. ಆಲೂಗಡ್ಡೆ ಬಿಸಿಯಾಗಿದೆ ಎಂದು ನಾಲಗೆ ಹೇಳಿತು. ಉಪ್ಪೋ ಹುಳಿಯೋ ಹೇಳಲಿಲ್ಲ.

ಸೇತುರಾಮ ಎದುರಿನ ಸ್ಟೂಲಿನ ಮೇಲೆ ಬಂದು ಕೂತ. ಶೆಡ್ಡಿನ ಉಳಿದವರಿಗೆ ಕೇಳದ ದನಿ. ಅವನಿಗೆ ಅಂಥದೊಂದು ದನಿ ಇದೆ ಎಂದು ಬದರಿಗೆ ಗೊತ್ತಿರಲಿಲ್ಲ.

"ಎಂ ಬಂದಿತ್ತಾ?"

"ಬಂದಿತ್ತು ಸರ್."

"ನನ್ನ ಕರೀಬೇಕಿತ್ತು."

"ಕರೆದ್ರೆ ಬೆರಳಿಗೆ ಹೇಳು ಅಂತಿದ್ರಿ."

ಸೇತುರಾಮ ಮೇಜಿನ ಮೇಲೆ ಬಿದ್ದಿದ್ದ ಸ್ಕ್ರೂ ಒಂದನ್ನು ಉರುಳಿಸುತ್ತ ಕೂತ. ಆಮೇಲೆ "ರಾಮಕೃಷ್ಣಪ್ಪನವರ ಮುಂದೆ ಏನೂ ಬಾಯಿ ಬಿಡಬೇಡ," ಎಂದ. ಪದವನ್ನು ಪೂರ್ತಿ ಹೇಳಿದ. ಕೊನೆಯ ಅಕ್ಷರವನ್ನು ಒತ್ತಿಯೇ ಹೇಳಿದ. "ಇಬ್ರಿಗೂ ಒಳ್ಳೇದಲ್ಲ. ಈಗ ಹೆಸರು ಬದಲಾಯ್ಸು. ಬೇಡ ಅನ್ನೋದು ಮುಂದೆ ಬರ್ಲಿ. ತಿದ್ದಿದ ಪ್ರೋಗ್ರಾಮನ್ನ ಹೊಸ ಚಿಪ್ಪಿಗೆ ಇಳಿಸಿಕೊಡು, ನಾನೇ ಹೋಗಿ ಹಾಕಿ ಬರ್ತೀನಿ."

ಬದರಿ ಕೈ ತೊಳೆದು ಬಂದು ಕೂತ. ಅಳಿಸಿದ್ದ ಜಾಗಕ್ಕೆ ಮತ್ತೆ ಹೆಸರು ಇಟ್ಟ: 'ಬೇಡಬಿಡ'. ಕನ್ನಡದಲ್ಲಿ ಹಾಗೆ ಯಾರೂ ಹೇಳುವುದಿಲ್ಲ. ಮಾತು ಕಲಿಯುತ್ತಿರುವ ಕೂಸು ಹೇಳೀತು. ಅದಕ್ಕೆ ಹಾರುವ ಅಪ್ಪಣೆಯನ್ನೂ ತಿದ್ದಿದ. ಈ ಸಲ ಪ್ರತಿ ಸಾಲನ್ನೂ ಬಾಯಲ್ಲಿ ಓದಿಕೊಂಡು, ಪದದ ಕೊನೆಯ ತನಕ ಹೋಗಿ, ಆಮೇಲೆ ಮುಂದಿನದಕ್ಕೆ ಹೋದ. ವೇಗ ಹೋಯಿತು. ಕಟ್ಟಿಸಿದ. ಪ್ರಿಂಟರು ಕಿರುಗುಟ್ಟುತ್ತ ಹಾಳೆಯನ್ನು ಹೊರಗೆ ನೂಕಿತು. ಹಸಿರು ಗೆರೆಯ ಹಾಳೆ, ಎಡಕ್ಕೆ ಬಿಳಿ ಅಂಚು. ಅವನು ಅಂಚನ್ನು ಮೇಲಿನಿಂದ ಕೆಳಗಿನ ತನಕ ನೋಡಿದ. ಒಂದು ಅಕ್ಷರವೂ ಇರಲಿಲ್ಲ. ಕೊನೆಯ ಸಾಲಿನಲ್ಲಿ ಸೊನ್ನೆ. ಇಂಥ ಖಾಲಿ ಅಂಚು ಕಂಡಾಗ ಮೊನ್ನೆ ಹಿಗ್ಗಿದ್ದ. ಈಗ ಆ ಬಿಳಿಯನ್ನು ನೋಡುತ್ತ ನೋಡುತ್ತ, ದನಿ ಎತ್ತದೆ ತನಗೆ ನಿಜ ಹೇಳುತ್ತಿದ್ದ ಒಂದೇ ಒಂದು ಬಾಯಿಯನ್ನೂ ತಾನೇ ಹೊಲಿದ ಹಾಗೆ ಅನಿಸಿತು. ಸೇತುರಾಮನ ಪೆನ್ಸಿಲು ಮೇಜಿನ ಮೇಲಿತ್ತು. ಬದರಿ ಅದನ್ನು ತೆಗೆದುಕೊಂಡು, 'ಬೇಡಬಿಡ' ಎಂಬ ಸಾಲಿನ ಎಡಕ್ಕೆ, ಯಂತ್ರ ಹಾಕುತ್ತಿದ್ದ ಜಾಗದಲ್ಲೇ, ಯಂತ್ರ ಹಾಕುತ್ತಿದ್ದ ಅಳತೆಯಲ್ಲೇ, ಒಂದು 'ಎಂ' ಬರೆದ. ಗೆರೆ ನಡುಗಲಿಲ್ಲ.

ಸೇತುರಾಮ ಸ್ಕೂಟರಿನ ಕೀ ಕುಲುಕುತ್ತ ಬಂದ. ಬದರಿ ಮಡಿಕೆಯನ್ನು ಆ ಸಾಲು ಮೇಲೆ ಬರುವ ಹಾಗೆ ಬಿಚ್ಚಿ ಅವನ ಮುಂದೆ ಹಿಡಿದ. ಸೇತುರಾಮ ಅದನ್ನು ಅವನ ಕೈಯಿಂದ ತೆಗೆದುಕೊಂಡ, ಸರಸರನೆ ಕೆಳಕ್ಕೆ ಎಳೆದ, ಕೊನೆಯ ಸಾಲು ನೋಡಿದ.

"ಸೊನ್ನೆ," ಎಂದ. ಕೆಳಗೆ ಸಹಿ ಹಾಕಿ, ಮಡಚಿ, ಕಂಕುಳಿಗೆ ಸೇರಿಸಿಕೊಂಡು ಹೊರಟ.